ಮುಜಂಟಿ ಜೇನಿನ ಅಂಟು



ಹಳೆಯ ಕಲ್ಲುಗೋಡೆಯ ಸಂದಿನಿಂದಲೋ ಮರದ ಪೊಟರೆಯಿಂದಲೋ ಕಪ್ಪನೆಯ ಚಿಕ್ಕ ಕೊಳವೆಯೊಂದು ಹೊರಚಾಚಿರುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅದರ ಬಾಯಲ್ಲಿ ನೊಣಕ್ಕಿಂತಲೂ ಸಣ್ಣವಾದ ಕರಿಯ ಹುಳುಗಳು ಬಂದುಹೋಗುತ್ತಿರುತ್ತವೆ. ಇವೇ ಮುಜಂಟಿ ಅಥವಾ ಮಿಸ್ರಿ ಎಂದು ಕರಾವಳಿಯವರು ಕರೆಯುವ ಜೇನುಗಳು. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿರುವ ಜಾತಿಗೆ ಟೆಟ್ರಾಗೊನುಲ ಇರಿಡಿಪೆನ್ನಿಸ್ ಎಂದು ಶಾಸ್ತ್ರೀಯ ನಾಮ.

ಇವಕ್ಕೆ ಕುಟುಕಬಲ್ಲ ಕೊಂಡಿಯಿಲ್ಲ. ಹಾಗಾದರೆ ಮನೆಯನ್ನು ಕಾಯುವುದೆಂತು? ಮಾವು ಮೊದಲಾದ ಮರಗಳು ಗಾಯಗೊಂಡೆಡೆಯಲ್ಲಿ ಒಸರುವ ಅಂಟನ್ನು ಹಿಂಗಾಲುಗಳಲ್ಲಿ ಹೊತ್ತುತಂದು ಇವು ಬಿರುಕುಗಳನ್ನು ಮುಚ್ಚುತ್ತವೆ. ಮೇಣದೊಡನೆ ಬೆರೆಸಿ ಬಾಗಿಲ ಕೊಳವೆಯನ್ನೂ ಜೇನು ತುಂಬುವ ಪುಟ್ಟ ಕುಡಿಕೆಗಳನ್ನೂ ಕಟ್ಟುತ್ತವೆ. ಒಳನುಗ್ಗುವ ಇರುವೆಯು ಆ ಅಂಟಿಗೆ ಸಿಕ್ಕಿಬೀಳುವುದು. ಇದನ್ನೇ ಪ್ರೊಪೊಲಿಸ್ ಎನ್ನುವರು. ಗ್ರೀಕ್ ಭಾಷೆಯ ಈ ಮಾತಿಗೆ 'ಪಟ್ಟಣದ ಮುಂದಿರುವುದು' ಎಂದರ್ಥ.

ಈ ಅಂಟಿಗೆ ಉತ್ಕರ್ಷಣವನ್ನು ತಡೆಯುವ ಗುಣವುಂಟು. ಉತ್ಕರ್ಷಣವೆಂದರೇನು? ಹೆಚ್ಚಿಟ್ಟ ಬದನೆಕಾಯಿ ಕಂದುತ್ತದೆ. ಬಹುಕಾಲ ಇಟ್ಟ ಕಡಲೆಕಾಯಿ ಎಣ್ಣೆ ಕಮಟುತ್ತದೆ. ಇವೆರಡೂ ಗಾಳಿಯಲ್ಲಿರುವ ಆಮ್ಲಜನಕದ ಕಾರ್ಯ. ಬದನೆಯ ಹೋಳಿಗೆ ನಿಂಬೆರಸ ಹಚ್ಚಿ ನೋಡಿರಿ: ಅದರ ಹುಳಿಯೂ ಅದರಲ್ಲಿರುವ ಸಿ ಜೀವಸತ್ವವೂ ಕಂದುವುದನ್ನು ತಡೆಯುತ್ತವೆ. ನಮ್ಮ ದೇಹದೊಳಗೂ ಉಸಿರಾಟದ ಫಲವಾಗಿ ಜೋಡಿಯಿಲ್ಲದ ಇಲೆಕ್ಟ್ರಾನುಳ್ಳ ಚಂಚಲ ಕಣಗಳು ಹುಟ್ಟಿ, ನೆರೆಯ ಕಣಗಳಿಂದ ಇಲೆಕ್ಟ್ರಾನನ್ನು ಕಸಿಯುತ್ತವೆ. ಮರದಂಟಿನಲ್ಲಿರುವ ಫೀನಾಲ್, ಫ್ಲೇವನಾಯ್ಡ್ ಎಂಬ ವಸ್ತುಗಳು ತಾವೇ ಇಲೆಕ್ಟ್ರಾನನ್ನು ಕೊಟ್ಟು ಅಂಥ ಕಣಗಳನ್ನು ಶಾಂತಗೊಳಿಸಬಲ್ಲವು.

ಇದನ್ನು ಅಳೆಯಲು 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಒಂದು ವಿಧಾನವನ್ನು ಪ್ರಕಟಿಸಿದನು. ಡಿ.ಪಿ.ಪಿ.ಎಚ್. ಎಂಬ ವಸ್ತುವಿನ ನೇರಳೆ ಬಣ್ಣದ ದ್ರಾವಣಕ್ಕೆ ಮದ್ಯಸಾರದಲ್ಲಿ ಕರಗಿಸಿದ ಅಂಟನ್ನು ಬೆರೆಸಿದರೆ ಬಣ್ಣವು ಮಾಸಿ ಹಳದಿಗೆ ತಿರುಗುವುದು. ಎಷ್ಟು ಮಾಸಿತೋ ಅಷ್ಟು ಗುಣವೆಂದು ಲೆಕ್ಕ.

ಆದರೆ ತಂದೆತಾಯಿಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗಾಜಿನ ನಳಿಗೆಯಲ್ಲಿ ಬಣ್ಣ ಮಾಸಿದೊಡನೆ ದೇಹದಲ್ಲಿ ರೋಗ ಮಾಸಿತೆಂದು ತಿಳಿಯಲಾಗದು. ಅಂಟಿನ ಗುಣವು ಮೂಲತಃ ಮರದ್ದು. ಮರ ಬೇರೆಯಾದರೆ ಅಂಟೂ ಬೇರೆ. ಆದುದರಿಂದ ಒಂದೂರಿನ ಅಂಟಿನ ಪರೀಕ್ಷೆಯಿಂದ ಇನ್ನೊಂದೂರಿನ ಅಂಟಿಗೆ ಬೆಲೆ ಕಟ್ಟಲಾಗದು. ಕೆಲವರಿಗೆ ಅದು ಸೋಕಿದರೆ ಮೈಮೇಲೆ ತುರಿ, ದದ್ದು ಏಳುವುದೂ ಉಂಟು. ಕೆಮ್ಮಿಗೋ ಹುಣ್ಣಿಗೋ ಗೂಡಿನ ಅಂಟನ್ನು ನಂಬಿ ವೈದ್ಯರಲ್ಲಿಗೆ ಹೋಗುವುದನ್ನು ತಡಮಾಡಬಾರದು.

ಮಕ್ಕಳೇ, ಈ ಹುಳು ಕುಟುಕದೆಂದೇ ಅದರ ಗೂಡನ್ನು ಕೀಳುವುದು ಸುಲಭ. ಕಿತ್ತರೆ ದೊರೆಯುವ ಜೇನು ಅತ್ಯಲ್ಪ. ಅಳಿಯುವುದು ಮೊಟ್ಟೆಮರಿಗಳೊಡನೆ ಒಂದು ಸಂಸಾರ. ಹೂವಿಂದ ಹೂವಿಗೆ ಪರಾಗವನ್ನು ಒಯ್ದು ಕಾಯಿ ಕಟ್ಟಿಸುವ ಈ ಪುಟ್ಟ ಸಹಾಯಕರನ್ನು ಕಂಡಲ್ಲಿ, ಕೈಕಟ್ಟಿ ನಿಂತು ನೋಡಿರಿ, ಕಂಡುದನ್ನು ಬರೆದಿಡಿರಿ. ವಿಜ್ಞಾನದ ಮೊದಲ ಪಾಠ ಅದೇ.