ಕೊಟ್ಟಿಗೆಯ ಜಾವಾ

ಕೊಪ್ಪಳ ಜಿಲ್ಲೆಯ ನೆಲ ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ಗಂಗಾವತಿಯಿಂದ ಆನೆಗೊಂದಿಯ ಕಡೆಗೆ ಹೊರಟವನಿಗೆ ಒಂದು ಮಗ್ಗುಲಲ್ಲಿ ತುಂಗಭದ್ರೆಯ ನೀರುಂಡ ಹಸಿರು ಗದ್ದೆಗಳೂ ಇನ್ನೊಂದು ಮಗ್ಗುಲಲ್ಲಿ ಯಾರೋ ಪೇರಿಸಿಟ್ಟಂತೆ ಒಂದರ ಮೇಲೊಂದು ನಿಂತ ಹೆಬ್ಬಂಡೆಗಳೂ ಕಾಣುತ್ತವೆ. ಯಲಬುರ್ಗಾ, ಕುಷ್ಟಗಿಗಳ ಕಡೆಗೆ ಸರಿದಂತೆ ಎರೆಭೂಮಿ ಎದುರಾಗುತ್ತದೆ. ಬೇಸಿಗೆಯಲ್ಲಿ ಬಾಯ್ದೆರೆದು ಬಿರಿಯುವ ಈ ಕಪ್ಪು ಮಣ್ಣು, ಮಳೆ ಬಿದ್ದೊಡನೆ ಅಂಟಾಗಿ, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು, ಗಾಡಿಯನ್ನು ನಿಂತಲ್ಲಿಯೇ ನಿಲ್ಲಿಸಿಬಿಡುತ್ತದೆ. ಇಂತಹ ನೆಲದಲ್ಲಿ ಓಡಬೇಕಾದ ಮೋಟಾರು ಸೈಕಲ್ಲಿಗೆ ವೇಗಕ್ಕಿಂತ ತಾಳಿಕೆ ಮುಖ್ಯ. ನಡುದಾರಿಯಲ್ಲಿ ಕೆಟ್ಟರೆ ಸವಾರನೇ ಬಿಚ್ಚಿ ಸರಿಪಡಿಸಿಕೊಳ್ಳುವಂತೆಯೂ ಅದು ಇರಬೇಕು.

ಈ ಎರಡು ಗುಣಗಳನ್ನೇ ಒರೆಗೆ ಹಚ್ಚುವ ಪಂದ್ಯವೊಂದು ಯೂರೋಪಿನಲ್ಲಿ ಹುಟ್ಟಿತು. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಎಂಬ ಊರಿನಲ್ಲಿ ಮೊದಲಾದ ಅದಕ್ಕೆ ‘ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್’ ಎಂದು ಆಗ ಹೆಸರಿತ್ತು. ಸವಾರರು ಆರು ದಿನಗಳ ಕಾಲ ಗುಡ್ಡ, ಹಳ್ಳ, ಕೆಸರುಗಳನ್ನು ಹಾಯ್ದು ಗೊತ್ತುಪಡಿಸಿದ ವೇಳೆಗೆ ಗೊತ್ತುಪಡಿಸಿದ ಠಾಣೆಯನ್ನು ಮುಟ್ಟಬೇಕು. ಎಂಜಿನ್ನು, ಚೌಕಟ್ಟು ಮುಂತಾದ ಮುಖ್ಯ ಭಾಗಗಳಿಗೆ ಮೊದಲೇ ಗುರುತು ಹಾಕಿರುತ್ತಾರೆ, ಅವನ್ನು ಬದಲಾಯಿಸುವಂತಿಲ್ಲ. ರಿಪೇರಿಯನ್ನು ಸವಾರನು ತನ್ನ ಕೈಯಾರೆಯೇ ಮಾಡಿಕೊಳ್ಳಬೇಕು. ಈ ಪಂದ್ಯದಲ್ಲಿ ಜೆಕೊಸ್ಲೊವಾಕಿಯದ ತಂಡವು 1970ರಿಂದ 1974ರ ವರೆಗೆ ಸತತವಾಗಿ ಐದು ವರ್ಷ ಗೆಲುವನ್ನು ಪಡೆಯಿತು. ಆ ದೇಶದ ಹೆಸರಾಂತ ಗಾಡಿ ಜಾವಾ.

ಜಾವಾ ಎಂಬುದು ದ್ವೀಪದ ಹೆಸರಿನಿಂದ ಬಂದುದೆಂದು ಹಲವರು ಭಾವಿಸುವುದುಂಟು. ಅದು ಸರಿಯಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ವಿನ್ಯಾಸವನ್ನು ಕೊಂಡು ತಯಾರಿಕೆಗೆ ತೊಡಗಿದನು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ಅಲ್ಲಿಂದ ಮೈಸೂರಿಗೆ ಈ ಗಾಡಿಯನ್ನು ತಂದವರು ಇರಾನಿ ಮನೆತನದವರು. ಅವರ ಐಡಿಯಲ್ ಜಾವಾ ಕಾರ್ಖಾನೆಯನ್ನು ಯಾದವಗಿರಿಯಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದು ಬದಲಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಲ್ಲಿ ಬೇರೊಂದು ಸಂಸ್ಥೆಯು ಜಾವಾ ಹೆಸರಿನಲ್ಲಿ ಹೊಸ ಗಾಡಿಗಳನ್ನು ಹೊರತಂದಿತಾದರೂ ಅವುಗಳ ಎಂಜಿನ್ನಿನ ರಚನೆಯೇ ಬೇರೆ. ಅವುಗಳ ಬಿಡಿಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಆದುದರಿಂದ ಹಳೆಯ ಜಾವಾವನ್ನು ಮತ್ತೆ ಓಡಿಸಬಯಸುವವನು ಹಳೆಯ ದಾಸ್ತಾನನ್ನೂ ಸಣ್ಣ ಕಾರ್ಯಾಗಾರಗಳನ್ನೂ ಮೆಕ್ಯಾನಿಕರ ನೆನಪನ್ನೂ ನೆಚ್ಚಬೇಕಾಗುತ್ತದೆ.

ಈ ಕೆಲಸವು ಹೇಗೆ ಸಾಗುತ್ತದೆಂಬುದನ್ನು ತಿಳಿಯಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಯಲಬುರ್ಗಾದ ಸೀಮೆಯ ಒಂದು ಹಳ್ಳಿ. ದನದ ಕೊಟ್ಟಿಗೆಯ ಮೂಲೆಯಲ್ಲಿ, ಹೊಟ್ಟಿನ ಚೀಲಗಳ ಹಿಂದೆ, 1972ರ ಜಾವಾ ಒಂದು ಇಪ್ಪತ್ತು ವರ್ಷಗಳಿಂದ ನಿಂತಿದೆ. ಗಾಲಿಗಳಲ್ಲಿ ಗಾಳಿಯಿಲ್ಲ. ಸೀಟಿನ ಒಳಗೆ ಇಲಿಗಳು ಗೂಡು ಮಾಡಿವೆ. ಮೂಲಬಣ್ಣದ ಮೇಲೆ ಯಾರೋ ನೀಲಿ ಬಣ್ಣವನ್ನು ಬಳಿದಿದ್ದಾರೆ. ಪೆಟ್ರೋಲ್ ಟ್ಯಾಂಕಿನ ಎಡಭಾಗದಲ್ಲಿ ಅಂಗೈಯಗಲದ ನೆಗ್ಗು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾನೆ. ಅಷ್ಟರಲ್ಲಿ ಕೊಪ್ಪಳದಿಂದ ಒಬ್ಬ ತರುಣ ಬರುತ್ತಾನೆ.

“ಇದು ನಮ್ಮ ಅಪ್ಪ ತಂದ ಗಾಡಿ, ತಮ್ಮಾ. ಬಿಚ್ಚಿ ಮಾರಾಕ ಒಯ್ಯೋದಾದ್ರ ಈಗ ಹೇಳಿಬಿಡು,” ಎಂದು ಮನೆಯ ಹಿರಿಯರು ಕೇಳುತ್ತಾರೆ.

“ಇಲ್ರೀ ಯಜಮಾನ್ರ. ಓಡಸ್ತೀನಿ. ಓಡಿಸಿಕೊಂಡು ಬಂದು ನಿಮಗ ತೋರಸ್ತೀನಿ,” ಎನ್ನುತ್ತಾನೆ ತರುಣ.

ಮಾತು ಕೊಟ್ಟದ್ದಾಯಿತು. ಆದರೆ ಹಣ ಕೊಡುವ ಮೊದಲು ಅವನು ನೋಡಬೇಕಾದುದು ಬೇರೆಯೇ ಇದೆ. ಹಳೆಯ ಗಾಡಿಯನ್ನು ಕೊಳ್ಳುವವರು ಬಣ್ಣವನ್ನು ನೋಡಿ ಮೋಸಹೋಗುವುದೇ ಹೆಚ್ಚು. ಮೊದಲು ನೋಡತಕ್ಕದ್ದು ಸಂಖ್ಯೆಗಳನ್ನು. ಚೌಕಟ್ಟಿನ ಮೇಲೊಂದು, ಎಂಜಿನ್ನಿನ ಮೇಲೊಂದು ಸಂಖ್ಯೆ ಕೊರೆದಿರುತ್ತದೆ. ಅವೆರಡೂ ನೋಂದಣಿ ಪುಸ್ತಕದಲ್ಲಿರುವ ಸಂಖ್ಯೆಗಳಿಗೆ ಸರಿಹೊಂದಬೇಕು. ಉಜ್ಜಿ ಅಳಿಸಿದ ಅಥವಾ ಮತ್ತೆ ಹೊಡೆದ ಗುರುತು ಕಂಡರೆ ಆ ಗಾಡಿಯನ್ನು ಮುಟ್ಟದಿರುವುದೇ ಲೇಸು. ಅದು ಕಳವಿನ ಮಾಲಾಗಿರಬಹುದು. ಸಂಖ್ಯಾಫಲಕವೂ ಒಂದು ಸಾಕ್ಷಿಯೇ. 1972ರಲ್ಲಿ ರಾಜ್ಯದ ಹೆಸರು ಇನ್ನೂ ಮೈಸೂರು; ಕೊಪ್ಪಳವು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಆದುದರಿಂದ ಆ ಕಾಲದ ಗಾಡಿಯ ಮೇಲೆ ‘ಎಂ.ವೈ.’ ಎಂದು ಮೊದಲಾಗುವ ಹಳೆಯ ಸಂಖ್ಯೆ ಇರಬೇಕು. ‘ಕೆ.ಎ. 37’ ಎಂದು ಕಂಡರೆ ಅದು ಈಚೆಗೆ ಮರುನೋಂದಣಿಯಾದುದೆಂದು ತಿಳಿಯಬೇಕು. ಪುಸ್ತಕವು ಕೈಯಲ್ಲಿಲ್ಲದ ಗಾಡಿ ಎಷ್ಟು ಅಗ್ಗವಾಗಿ ದೊರೆತರೂ ಕೊನೆಗೆ ತುಟ್ಟಿಯಾಗಿಯೇ ಪರಿಣಮಿಸುತ್ತದೆ.

ಗಾಡಿಯನ್ನು ಮನೆಗೆ ತಂದವನಿಗೆ ಒದ್ದು ನೋಡುವ ಆತುರ ಸಹಜ. ಅದನ್ನು ತಡೆದುಕೊಳ್ಳಬೇಕು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ; ಬಲವಂತ ಮಾಡಿದರೆ ಪಿಸ್ಟನ್ನಿನ ಬಳೆಗಳು ಮುರಿಯುತ್ತವೆ. ಸ್ಪಾರ್ಕ್ ಪ್ಲಗ್ಗನ್ನು ತೆಗೆದು, ಅದರ ತೂತಿನಲ್ಲಿ ತೆಳುವಾದ ಎಣ್ಣೆಯನ್ನು ಸುರಿದು ಕೆಲವು ದಿನ ಬಿಡುವುದು ವಾಡಿಕೆ. ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ತಿರುಪುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಹೆಸರು ಬರೆಯಬೇಕು. ಈ ಕೆಲಸ ಬೇಸರದ್ದೆಂದು ಬಿಟ್ಟವನು ಮೂರು ತಿಂಗಳ ಬಳಿಕ ಕೈಯಲ್ಲೊಂದು ತಿರುಪನ್ನು ಹಿಡಿದು ಅದು ಎಲ್ಲಿಯದೆಂದು ತಿಳಿಯದೆ ಕುಳಿತುಕೊಳ್ಳುತ್ತಾನೆ.

ಈ ಎಂಜಿನ್ನಿನ ರಚನೆ ಸರಳವಾದರೂ ವಿಶಿಷ್ಟವಾದುದು. ಸಿಲಿಂಡರು ಒಂದೇ, ಹೊಗೆ ಹೊರಹೋಗಲು ಸೈಲೆನ್ಸರುಗಳು ಮಾತ್ರ ಎರಡು. ಗಾಡಿಯನ್ನು ಹೊತ್ತಿಸುವ ಕಿಕ್ಕನ್ನೇ ಮುಂದಕ್ಕೆ ಹೊರಳಿಸಿದರೆ ಅದು ಗೇರು ಹಾಕುವ ಹಿಡಿಯಾಗುತ್ತದೆ. ಇದು ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲು, ಅದರಲ್ಲಿ ಬೆರೆಸಿದ ಎಣ್ಣೆ, ಗಾಳಿ ಇವುಗಳ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕಿನ ಕೋಣೆಗೆ ಬಂದು, ಅಲ್ಲಿ ಒತ್ತಲ್ಪಟ್ಟು, ಬಳಿಕ ಮೇಲಕ್ಕೆ ನುಗ್ಗುತ್ತದೆ. ಆದುದರಿಂದ ಆ ಕೋಣೆಯಲ್ಲಿ ಗಾಳಿ ಸೋರಬಾರದು. ಅದನ್ನು ತಡೆಯುವುದು ಕ್ರ್ಯಾಂಕಿನ ಎರಡು ಪಕ್ಕಗಳಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು. ಕ್ಲಚ್ಚಿನ ಕಡೆಯ ಸೀಲು ಹೋದರೆ ಎಂಜಿನ್ನು ಗೇರಿನ ಎಣ್ಣೆಯನ್ನೇ ಹೀರಿ ದಟ್ಟವಾದ ಹೊಗೆಯನ್ನು ಕಾರುತ್ತದೆ. ಇನ್ನೊಂದು ಕಡೆಯದು ಹೋದರೆ ಬರಿಯ ಗಾಳಿ ಒಳಸೇರಿ, ಪೆಟ್ರೋಲು ಸಾಲದಾಗಿ, ಪಿಸ್ಟನ್ನು ಕಾದು ಹಿಡಿದುಕೊಳ್ಳುತ್ತದೆ. ಅಲ್ಪ ಬೆಲೆಯ ಈ ಸೀಲುಗಳನ್ನು ಬದಲಿಸಲು ಇಡೀ ಎಂಜಿನ್ನನ್ನೇ ಬಿಚ್ಚಬೇಕಾಗುವುದರಿಂದ ಹಲವರು ಅದನ್ನು ತಪ್ಪಿಸಿ, ಬಳಿಕ ಪಶ್ಚಾತ್ತಾಪ ಪಡುತ್ತಾರೆ.

ಸವೆದ ಸಿಲಿಂಡರನ್ನು ಬೋರಿಂಗ್ ಯಂತ್ರದಲ್ಲಿ ಕೊರೆಸಿ, ಅದಕ್ಕೊಪ್ಪುವ ದೊಡ್ಡ ಪಿಸ್ಟನ್ನನ್ನು ಹಾಕುವುದು ರೂಢಿ. ಮೂಲದಲ್ಲಿ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು. ಪ್ರತಿ ಸಲ ಕಾಲು ಮಿಲಿಮೀಟರಿನ ಅಳತೆಯಲ್ಲಿ ಹಿಗ್ಗಿಸುತ್ತ ಹೋಗುತ್ತಾರೆ. ಗೋಡೆ ತೆಳುವಾಗಿ ಇನ್ನು ಕೊರೆಯಲಾಗದೆಂಬ ಹಂತ ಬಂದಾಗ ಒಳಗೊಂದು ಹೊಸ ಕೊಳವೆಯನ್ನು ಕೂರಿಸಬೇಕು. ನಮ್ಮ ತರುಣನ ಗಾಡಿಯದು ಆ ಸ್ಥಿತಿಗೆ ಬಂದಿದೆ. ಬೇರೆ ಗಾಡಿಯಿಂದ ಒಂದು ಎಂಜಿನ್ನನ್ನೇ ತಂದು ಕೂರಿಸಿದರೆ ಎರಡು ದಿನದ ಕೆಲಸವೆಂದು ಒಬ್ಬ ಮೆಕ್ಯಾನಿಕನು ಸೂಚಿಸುತ್ತಾನೆ. ಆದರೆ ಆಗ ಎಂಜಿನ್ನಿನ ಸಂಖ್ಯೆಯು ಪುಸ್ತಕಕ್ಕೆ ಹೊಂದುವುದಿಲ್ಲ. ಯಜಮಾನರ ತಂದೆ ಓಡಿಸಿದ ಗಾಡಿಯೂ ಅದಾಗುವುದಿಲ್ಲ. ತರುಣನು ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ಬಸ್ಸನ್ನು ಹತ್ತುತ್ತಾನೆ.

ಬಣ್ಣದ ಕೆಲಸ ಕಡೆಯದು. ನೀಲಿಯನ್ನು ನೀರುಕಾಗದದಿಂದ ಉಜ್ಜಿದಾಗ ಅಡಿಯಲ್ಲಿ ಹಳೆಯ ಕಡುಗೆಂಪು ಬಣ್ಣವೂ ಕೂದಲೆಳೆಯಂತಹ ಹೊಂಬಣ್ಣದ ಗೆರೆಯೂ ತೋರುತ್ತವೆ. ಹೊಸ ಬಣ್ಣಕ್ಕೆ ಅದೇ ಮಾದರಿ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮರದ ಮೂರ್ತಿಗೆ ಬಣ್ಣವನ್ನು ಮುಟ್ಟಿಸುವ ಮುನ್ನ ಹುಣಸೆ ಬೀಜದ ಅಂಟಿನಿಂದ ಕೀಲುಗಳನ್ನು ಬೆಸೆದು, ಮೇಲ್ಮೈಯನ್ನು ಹದಗೊಳಿಸುವುದಕ್ಕೆ ಬಹಳ ಶ್ರಮಪಡುತ್ತಾರೆ. ತಗಡಿನ ಕೆಲಸದಲ್ಲೂ ನಿಯಮ ಅದೇ. ತುಕ್ಕನ್ನು ಪೂರ್ತಿ ತೆಗೆಯದೆ ಬಳಿದ ಬಣ್ಣ ಒಂದು ಮಳೆಗಾಲವನ್ನೂ ತಾಳಲಾರದು.

ಟ್ಯಾಂಕಿನ ನೆಗ್ಗು ಉಳಿಯಿತಷ್ಟೆ. ಅದನ್ನು ಎತ್ತಿ ಸಮ ಮಾಡಿ, ಕಾಣದಂತೆ ಮಾಡಿಕೊಡುವುದಾಗಿ ಟಿಂಕರ್ ಕೆಲಸದವನು ಹೇಳುತ್ತಾನೆ. ಅವನ ಕೈ ಪಳಗಿದ ಕೈ, ಮಾಡಿಯೂ ಮಾಡುತ್ತಿದ್ದನು. ಮಾರುವ ದಿನ ಯಜಮಾನರು ಅದರ ಕತೆಯನ್ನು ಹೇಳಿದ್ದರು. ಒಂದು ಮಳೆಗಾಲದ ಇರುಳು ಅವರ ತಂದೆ ಬಾಣಂತಿಗೆ ಔಷಧಿ ತರಲೆಂದು ಕುಷ್ಟಗಿಗೆ ಹೋಗಿ ಮರಳುವಾಗ ಎರೆಮಣ್ಣಿನಲ್ಲಿ ಜಾರಿ ಬಿದ್ದಿದ್ದರಂತೆ. ಬಾಗಿದ ಹ್ಯಾಂಡಲನ್ನು ಕಲ್ಲಿನಿಂದ ಕುಟ್ಟಿ ನೆಟ್ಟಗೆ ಮಾಡಿಕೊಂಡು, ಬೆಳಗಾಗುವ ಮೊದಲು ಮನೆಯನ್ನು ಸೇರಿದ್ದರಂತೆ. ತರುಣನು ನೆಗ್ಗನ್ನು ಹಾಗೆಯೇ ಬಿಡಲು ಹೇಳುತ್ತಾನೆ. ಬಣ್ಣ ಮಾತ್ರ ಅದರ ಮೇಲೆ ನುಣುಪಾಗಿ ಕೂರುತ್ತದೆ.

ಇನ್ನು ಕಾನೂನಿನ ಮಾತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿತು. ಅಂತಹವಕ್ಕೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ನೋಂದಣಿ ಹತ್ತು ವರ್ಷ ನಡೆಯುತ್ತದೆ. ಪ್ರದರ್ಶನ, ಪಥಸಂಚಲನ, ರಿಪೇರಿ ಮೊದಲಾದುವಕ್ಕೆ ರಸ್ತೆಗೆ ತರಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನವೂ ಓಡಿಸಬೇಕೆಂದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು. ತರುಣನು ಎರಡನೆಯದನ್ನು ಆರಿಸಿಕೊಳ್ಳುತ್ತಾನೆ. ಅದಕ್ಕಾಗಿ ಕಚೇರಿಗೆ ಅವನು ಎಷ್ಟು ಸಲ ಅಲೆದನೆಂಬುದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಕಾಗದಗಳು ಕೈಸೇರಿದ ವಾರದಲ್ಲಿ ಅವನು ಯಲಬುರ್ಗಾದ ದಾರಿ ಹಿಡಿಯುತ್ತಾನೆ. ಊರ ಮುಂದಿನ ಹಳ್ಳವನ್ನು ದಾಟುವಾಗಲೇ ಗಾಡಿಯ ಸದ್ದು ಓಣಿಗೆ ಕೇಳಿಸುತ್ತದೆ. ಆರು ವೋಲ್ಟಿನ ದೀಪ ಸಂಜೆಯ ಬೆಳಕಿನಲ್ಲಿ ಮಿಣಿಮಿಣಿ ಉರಿಯುತ್ತಿದೆ. ಯಜಮಾನರು ಕಟ್ಟೆಯಿಂದೆದ್ದು ಬರುತ್ತಾರೆ. ಕಡುಗೆಂಪು ಬಣ್ಣವನ್ನು ಅವರು ನೋಡಿದಂತೆ ತೋರುವುದಿಲ್ಲ. ಎಡಗೈಯನ್ನು ನೀಡಿ ಟ್ಯಾಂಕಿನ ನೆಗ್ಗನ್ನು ಬೆರಳುಗಳಿಂದ ಸವರುತ್ತಾರೆ. “ಬಂದ್ ಮಾಡಬ್ಯಾಡ, ಸ್ವಲ್ಪ ಹೊತ್ತು ಹಂಗ ಇರಲಿ,” ಎಂದು ಎಂಜಿನ್ನಿನ ಕಡೆಗೆ ಕಿವಿಗೊಟ್ಟು ನಿಲ್ಲುತ್ತಾರೆ.