ಮನೆ ಬಾಡಿಗೆ ಭತ್ಯೆ, ಬಾಡಿಗೆ ರಸೀದಿ ಮತ್ತು ಆದಾಯ ತೆರಿಗೆ

ಗ್ರಾಮಗಳಲ್ಲಿ ಕರ್ತವ್ಯ ನಿರ್ವಹಿಸುವ ಶಿಕ್ಷಕರು, ಆರೋಗ್ಯ ಸಿಬ್ಬಂದಿ ಹಾಗೂ ಬ್ಯಾಂಕ್ ನೌಕರರಲ್ಲಿ ಹಲವರು ಗ್ರಾಮಸ್ಥರ ಮನೆಗಳಲ್ಲಿಯೇ ಬಾಡಿಗೆಗೆ ವಾಸವಿರುತ್ತಾರೆ. ಮನೆಯ ಮಾಲೀಕರು ಗ್ರಾಮ ಪಂಚಾಯಿತಿ ಸದಸ್ಯರೇ ಆಗಿರುವುದೂ ಉಂಟು. ಆರ್ಥಿಕ ವರ್ಷದ ಕೊನೆಯಲ್ಲಿ ನೌಕರರು ಬಾಡಿಗೆ ರಸೀದಿಗೆ ಮಾಲೀಕರ ಸಹಿ ಕೋರುತ್ತಾರೆ. ಆ ಸಹಿಯಿಂದ ಉಂಟಾಗುವ ಹೊಣೆಯನ್ನು ಸದಸ್ಯರು ಅರಿತಿರುವುದು ಅವಶ್ಯಕ.

ವೇತನದೊಂದಿಗೆ ದೊರೆಯುವ ಮನೆ ಬಾಡಿಗೆ ಭತ್ಯೆಯು ಮೂಲತಃ ತೆರಿಗೆಗೆ ಒಳಪಡುವ ಆದಾಯವೇ ಆಗಿದೆ. 2025-26ನೇ ಆರ್ಥಿಕ ವರ್ಷದವರೆಗಿನ ಆದಾಯಕ್ಕೆ ಅನ್ವಯಿಸುವ ಆದಾಯ ತೆರಿಗೆ ಅಧಿನಿಯಮ, 1961ರ ಕಲಂ 10(13ಎ) ಇದಕ್ಕೆ ವಿನಾಯಿತಿ ನೀಡುತ್ತದೆ. ನೌಕರನು ಪಡೆದ ಭತ್ಯೆ, ಪಾವತಿಸಿದ ಬಾಡಿಗೆಯಲ್ಲಿ ವೇತನದ ಶೇ. 10ನ್ನು ಕಳೆದು ಉಳಿದ ಮೊತ್ತ, ವೇತನದ ಶೇ. 40 (ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಶೇ. 50) ಈ ಮೂರರಲ್ಲಿ ಯಾವುದು ಅತಿ ಕಡಿಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ ದೊರೆಯುತ್ತದೆ. ಸ್ವಂತ ಮನೆಯಲ್ಲಿ ವಾಸಿಸುವವರಿಗೆ ಈ ಸೌಲಭ್ಯವಿಲ್ಲ.

ಗ್ರಾಮಗಳಲ್ಲಿ ಎರಡನೆಯ ಲೆಕ್ಕವೇ ನಿರ್ಣಾಯಕವಾಗುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 50,000 ರೂ. ವೇತನ ಹಾಗೂ 3,300 ರೂ. ಮನೆ ಬಾಡಿಗೆ ಭತ್ಯೆ ಪಡೆಯುವ ಶಿಕ್ಷಕಿಯೊಬ್ಬರು 5,000 ರೂ. ಬಾಡಿಗೆ ನೀಡುತ್ತಿದ್ದಾರೆಂದು ಭಾವಿಸೋಣ. ವೇತನದ ಶೇ. 10 ಎಂದರೆ 5,000 ರೂ. ಬಾಡಿಗೆಯಲ್ಲಿ ಅದನ್ನು ಕಳೆದರೆ ಉಳಿಯುವುದು ಸೊನ್ನೆ. ಆದ್ದರಿಂದ ವಿನಾಯಿತಿಯೂ ಇಲ್ಲ. ಬಾಡಿಗೆ 7,000 ರೂ. ಆಗಿದ್ದಲ್ಲಿ ತಿಂಗಳಿಗೆ 2,000 ರೂ. ವಿನಾಯಿತಿ. ಭತ್ಯೆ ಪೂರ್ಣವಾಗಿ ತೆರಿಗೆಮುಕ್ತವಾಗಬೇಕಾದರೆ ಬಾಡಿಗೆ 8,300 ರೂ. ಇರಬೇಕು.

5,000 ರೂ. ಪಡೆದು 8,300 ರೂ.ಗೆ ರಸೀದಿ ಬರೆದುಕೊಡುವಂತೆ ಕೋರಿಕೆ ಬರುವುದು ಇಲ್ಲಿಯೇ. ವರ್ಷಕ್ಕೆ 99,600 ರೂ. ಆಗುವುದರಿಂದ ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ನೀಡಬೇಕಾಗಿಲ್ಲ. ವಾರ್ಷಿಕ ಬಾಡಿಗೆ 1 ಲಕ್ಷ ರೂ. ಮೀರಿದಾಗ ಮಾತ್ರ ಅದು ಕಡ್ಡಾಯ. ಪರಿಚಯದವರೆಂಬ ದಾಕ್ಷಿಣ್ಯಕ್ಕೆ ಸಹಿ ಮಾಡುವುದು ಸುಲಭ. ಆದರೆ ತೋರಿಸಿದ ಬಾಡಿಗೆಯಷ್ಟೂ ಮಾಲೀಕರ ಆದಾಯವೆಂದೇ ದಾಖಲೆಯಾಗುತ್ತದೆ, ಕೈಗೆ ಬಾರದ ಹಣಕ್ಕೂ ಅವರೇ ಉತ್ತರಿಸಬೇಕಾಗುತ್ತದೆ. ಆದಾಯವನ್ನು ತಪ್ಪಾಗಿ ತೋರಿಸಿದ ನೌಕರರಿಗೆ ಕಲಂ 270ಎ ಅಡಿ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ವಿಧಿಸಬಹುದಾಗಿದೆ. ಸುಳ್ಳು ಲೆಕ್ಕ ಅಥವಾ ಹೇಳಿಕೆ ಸಲ್ಲಿಸಲು ತಿಳಿದೂ ಪ್ರೇರೇಪಿಸುವುದು ಕಲಂ 278ರ ಅಡಿ ಅಪರಾಧ.

ಇಷ್ಟೆಲ್ಲ ಮಾಡಿದರೂ ಹಲವರಿಗೆ ಲಾಭವೇ ಇರುವುದಿಲ್ಲ ಎಂಬುದು ವಿಚಿತ್ರ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಸಹಜವಾಗಿ ಅನ್ವಯಿಸುತ್ತದೆ. ಹಳೆಯದು ಬೇಕೆನ್ನುವವರು ಅದನ್ನು ಆಯ್ದುಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ಬಾಡಿಗೆ ಭತ್ಯೆಗೆ ವಿನಾಯಿತಿಯೇ ಇಲ್ಲ. ಆದರೆ 2025-26ನೇ ಸಾಲಿಗೆ 75,000 ರೂ. ಪ್ರಮಾಣಿತ ಕಡಿತ ಸೇರಿ 12.75 ಲಕ್ಷ ರೂ.ವರೆಗಿನ ವೇತನದಾರರು ತೆರಿಗೆ ಕಟ್ಟಬೇಕಾಗಿಲ್ಲ. ಮೇಲಿನ ಉದಾಹರಣೆಯ ಶಿಕ್ಷಕಿಗೆ ರಸೀದಿಯ ಅಗತ್ಯವೇ ಬೀಳುವುದಿಲ್ಲ.

ಮನೆ ಬಾಡಿಗೆಗೆ ಕೊಟ್ಟವರ ಲೆಕ್ಕದಲ್ಲಿ ಪಂಚಾಯಿತಿಗೂ ನೇರ ಪಾತ್ರವಿದೆ. ಸ್ಥಳೀಯ ಪ್ರಾಧಿಕಾರಕ್ಕೆ ಮಾಲೀಕರು ಆ ವರ್ಷದಲ್ಲಿ ವಾಸ್ತವವಾಗಿ ಪಾವತಿಸಿದ ಮನೆ ತೆರಿಗೆಯನ್ನು ಬಾಡಿಗೆಯಿಂದ ಕಳೆಯಲು ಅವಕಾಶವಿದೆ. ಉಳಿದ ಮೊತ್ತದ ಮೇಲೆ ದುರಸ್ತಿ ಇತ್ಯಾದಿಗಾಗಿ ಶೇ. 30ರ ಕಡಿತ ದೊರೆಯುತ್ತದೆ. ಇದಕ್ಕೆ ಖರ್ಚಿನ ಬಿಲ್ಲು ಬೇಕಿಲ್ಲ. ವರ್ಷಕ್ಕೆ 60,000 ರೂ. ಬಾಡಿಗೆ ಬಂದು 1,200 ರೂ. ಮನೆ ತೆರಿಗೆ ಕಟ್ಟಿದ್ದರೆ 58,800 ರೂ. ಉಳಿಯುತ್ತದೆ, ಅದರಲ್ಲಿ 17,640 ರೂ. ಕಳೆದು 41,160 ರೂ. ಮಾತ್ರ ಆದಾಯ. ತೆರಿಗೆ ಬಾಕಿ ಇದ್ದರೆ ಅಥವಾ ಬಾಡಿಗೆದಾರನೇ ಕಟ್ಟಿದ್ದರೆ ಮಾಲೀಕರಿಗೆ ಆ ಕಡಿತ ಸಿಗದು. ಆದುದರಿಂದ ಪಂಚಾಯಿತಿಯ ತೆರಿಗೆ ರಸೀದಿಯಲ್ಲಿ ಮಾಲೀಕರ ಹೆಸರು, ಸ್ವತ್ತಿನ ಸಂಖ್ಯೆ ಹಾಗೂ ಪಾವತಿಯ ದಿನಾಂಕ ಸರಿಯಾಗಿ ನಮೂದಾಗಿರುವುದನ್ನು ಸದಸ್ಯರು ನೋಡಿಕೊಳ್ಳತಕ್ಕದ್ದು.

ಭತ್ಯೆ ಪಡೆಯದೆ ಬಾಡಿಗೆ ಕಟ್ಟುವವರಿಗೆ ಹಳೆಯ ಪದ್ಧತಿಯಲ್ಲಿ ಕಲಂ 80ಜಿಜಿ ಅಡಿ ಪ್ರತ್ಯೇಕ ಕಡಿತವಿದ್ದು, ಅದರ ಗರಿಷ್ಠ ಮಿತಿ ತಿಂಗಳಿಗೆ 5,000 ರೂ. ಆಗಿರುತ್ತದೆ. 2026ರ ಏಪ್ರಿಲ್ 1ರಿಂದ ಗಳಿಸುವ ಆದಾಯಕ್ಕೆ ಆದಾಯ ತೆರಿಗೆ ಅಧಿನಿಯಮ, 2025 ಅನ್ವಯಿಸುವುದರಿಂದ ಇಲ್ಲಿನ ಕಲಂ ಸಂಖ್ಯೆಗಳನ್ನು ಹಿಂದಿನ ವರ್ಷಗಳ ಲೆಕ್ಕಕ್ಕೆ ಮಾತ್ರ ಬಳಸತಕ್ಕದ್ದು.