ಮನೆಯಲ್ಲಿ ತಯಾರಿಸಿದ ಗಿಟಾರ್ ಪೆಡಲ್: ದೋಷ ಪತ್ತೆಯ ಕ್ರಮ

ವಿದ್ಯುತ್ ಗಿಟಾರಿನ ತಂತಿಗಳ ಕಂಪನದಿಂದ ಉಂಟಾಗುವ ಕ್ಷೀಣ ಸಂಕೇತವನ್ನು, ಅದು ಆಂಪ್ಲಿಫೈಯರನ್ನು ತಲಪುವ ಮುನ್ನವೇ ಮಾರ್ಪಡಿಸುವ ಸಾಧನಕ್ಕೆ ಎಫೆಕ್ಟ್ಸ್ ಪೆಡಲ್ ಎಂದು ಹೆಸರು. ಇದರ ಸ್ವಿಚ್ಚನ್ನು ಕಾಲಿನಿಂದ ಒತ್ತಲಾಗುತ್ತದೆ. 1966ರಲ್ಲಿ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದ 'ಫಜ್ ಫೇಸ್' ಪೆಡಲಿನಲ್ಲಿ ಎರಡು ಟ್ರಾನ್ಸಿಸ್ಟರುಗಳು ಹಾಗೂ ಕೆಲವೇ ರೋಧಕಗಳು, ಕೆಪಾಸಿಟರುಗಳು ಇದ್ದವು. ಆದುದರಿಂದ ಹೊಸದಾಗಿ ಕಲಿಯುವವರು ಈ ಮಾದರಿಯನ್ನೇ ಆಯ್ದುಕೊಳ್ಳುವುದುಂಟು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಆಸಕ್ತರು ಬಿಡಿಭಾಗಗಳಿಗಾಗಿ ಗ್ರಾಂಟ್ ರೋಡ್ ನಿಲ್ದಾಣದ ಸಮೀಪವಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋಗುವುದು ರೂಢಿ. ಕಲ್ಯಾಣದಿಂದ ಹೊರಟವರು ದಾದರಿನಲ್ಲಿ ಇಳಿದು ಪಶ್ಚಿಮ ರೈಲ್ವೆಯ ಗಾಡಿ ಹಿಡಿಯಬೇಕು. ಅಲ್ಪ ಬೆಲೆಯ ಒಂದು ಟ್ರಾನ್ಸಿಸ್ಟರಿಗಾಗಿ ದಿನದ ಬಹುಭಾಗ ಕಳೆದುಹೋಗುತ್ತದೆ. ಪೆಡಲು ಮೌನವಾಗಿದ್ದ ಮಾತ್ರಕ್ಕೆ ಭಾಗಗಳನ್ನು ಬದಲಿಸತೊಡಗಿದರೆ ಹಣವೂ ಸಮಯವೂ ವ್ಯರ್ಥ. ಕಲಿಯುವ ಉತ್ಸಾಹವೂ ಕುಗ್ಗುತ್ತದೆ. ಮೊದಲು ಅಳೆಯಬೇಕು, ಅನಂತರ ಬದಲಿಸಬೇಕು ಎಂಬುದೇ ಈ ಪಾಠದ ತಾತ್ಪರ್ಯ.

1. ಕಣ್ಣಿನ ಪರೀಕ್ಷೆ

ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ, ತಂತಿಯೂ ಜ್ಯಾಕುಗಳೂ ಸರಿಯಾಗಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಪೆಡಲಿನ ಬ್ಯಾಟರಿ ತೆಗೆದು, ಬೆಸುಗೆಗಳನ್ನು ಒಂದೊಂದಾಗಿ ನೋಡಬೇಕು. ಉಂಡೆಕಟ್ಟಿ ಕಾಲಿಗೆ ಅಂಟದೆ ನಿಂತ ಬೆಸುಗೆಯನ್ನು ಮತ್ತೆ ಕಾಯಿಸಿ ಸರಿಪಡಿಸಬೇಕು. ಟ್ರಾನ್ಸಿಸ್ಟರಿನ ಕಾಲುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಚಪ್ಪಟೆ ಮುಖವನ್ನು ನಮ್ಮೆಡೆಗೆ, ಕಾಲುಗಳನ್ನು ಕೆಳಗೆ ಹಿಡಿದಾಗ, ಬಿಸಿ 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್ ಬರುತ್ತವೆ. 2ಎನ್ 3904ರಲ್ಲಿ ಈ ಕ್ರಮ ತಿರುವುಮುರುವು.

2. ವೋಲ್ಟೇಜಿನ ಅಳತೆ

9 ವೋಲ್ಟಿನ ಬ್ಯಾಟರಿ ಜೋಡಿಸಿ, ಮಲ್ಟಿಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗೆ ಹಿಡಿಯಬೇಕು. ಅನೇಕ ಪೆಡಲುಗಳಲ್ಲಿ ಒಳಬರುವ ಜ್ಯಾಕಿಗೆ ಪ್ಲಗ್ಗನ್ನು ತೂರಿಸಿದಾಗ ಮಾತ್ರ ಬ್ಯಾಟರಿಯ ಸಂಪರ್ಕ ಏರ್ಪಡುತ್ತದೆ ಎಂಬುದನ್ನು ಮರೆಯಬಾರದು. ಬಿಸಿ 547ರಂತಹ ಸಿಲಿಕಾನ್ ಟ್ರಾನ್ಸಿಸ್ಟರುಗಳಲ್ಲಿ ಬೇಸ್ ಎಮಿಟರಿಗಿಂತ ಸುಮಾರು 0.6 ವೋಲ್ಟ್ ಮೇಲಿರಬೇಕು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಬ್ಯಾಟರಿಯ ಅರ್ಧದಷ್ಟು, ಎಂದರೆ ಸುಮಾರು 4.5 ವೋಲ್ಟ್ ಇರುವುದು ಉತ್ತಮ. ಅಲ್ಲಿ ಪೂರ್ತಿ 9 ವೋಲ್ಟ್ ಕಂಡರೆ ಆ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ ಹರಿಯುತ್ತಿಲ್ಲವೆಂದು ಅರ್ಥ. ಎಮಿಟರಿನಷ್ಟೇ ವೋಲ್ಟೇಜು ಕಂಡರೆ ಮೊದಲನೆಯ ಟ್ರಾನ್ಸಿಸ್ಟರನ್ನು ಪರೀಕ್ಷಿಸಬೇಕು.

3. ಸಂಕೇತದ ಜಾಡು

ಆಂಪ್ಲಿಫೈಯರಿಗೆ ಹೋಗುವ ತಂತಿಯ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಬೆಸೆದರೆ ಶೋಧಕ ಸಿದ್ಧವಾಯಿತು. ಅದರ ಹೊರಕವಚದ ತಂತಿಯನ್ನು ಪೆಡಲಿನ ಗ್ರೌಂಡಿಗೆ ಸೇರಿಸಿ, ಧ್ವನಿಯನ್ನು ತಗ್ಗಿಸಿ, ಗಿಟಾರ್ ಮೀಟುತ್ತಾ ಮೊದಲ ಬೇಸಿನಿಂದ ಹೊರಹೋಗುವ ಜ್ಯಾಕಿನವರೆಗೆ ಕ್ರಮವಾಗಿ ಮುಟ್ಟಬೇಕು. ಮೊದಲ ಬೇಸಿನಲ್ಲಿ ಧ್ವನಿ ಕ್ಷೀಣವಾಗಿ ಕೇಳಿಸಿದರೆ ದೋಷವೆಂದು ಭಾವಿಸಬಾರದು. ಮುಂದಿನ ಹಂತಗಳಲ್ಲಿ ಅದು ಹೆಚ್ಚಬೇಕು. ಧ್ವನಿ ಎಲ್ಲಿ ನಿಲ್ಲುವುದೋ, ಆ ಬಿಂದುವಿಗೂ ಅದರ ಹಿಂದಿನ ಬಿಂದುವಿಗೂ ನಡುವೆ ದೋಷವಿದೆ.

4. ಬಿಸಿಲಿನ ಪ್ರಭಾವ

ಕೆಲವರು ಹಳೆಯ ನಾದಕ್ಕಾಗಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಬಯಸುತ್ತಾರೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಹಿಂದೆ ತಯಾರಿಸುತ್ತಿದ್ದ ಎಸಿ 128 ಈ ಜಾತಿಯದು. ಇದರಲ್ಲಿ ಬ್ಯಾಟರಿಯ ಧ್ರುವಗಳು ಅದಲುಬದಲಾಗುತ್ತವೆ. ಮೂಲ ಮಾದರಿಯಂತೆ ಧನ ಧ್ರುವವೇ ಗ್ರೌಂಡ್. ಉಷ್ಣತೆ ಹೆಚ್ಚಿದಂತೆ ಇವುಗಳಲ್ಲಿ ಸೋರಿಕೆ ವಿದ್ಯುತ್ತು ವೇಗವಾಗಿ ಏರುವುದರಿಂದ, ಜನವರಿಯಲ್ಲಿ ಚೆನ್ನಾಗಿದ್ದ ಪೆಡಲು ಮೇ ತಿಂಗಳ ಸೆಕೆಯಲ್ಲಿ ಕೆಡಬಹುದು. ಆಗ ಭಾಗವನ್ನು ಎಸೆಯದೆ, ತಂಪಾದ ವೇಳೆಯಲ್ಲಿ ಮತ್ತೆ ಅಳೆಯಬೇಕು.

5. ಎಚ್ಚರಿಕೆ

ಪ್ರಯೋಗವನ್ನು ಬ್ಯಾಟರಿಯಿಂದಲೇ ನಡೆಸಬೇಕು. ಆಂಪ್ಲಿಫೈಯರಿನ ಒಳಗೆ 230 ವೋಲ್ಟಿನ ವಿದ್ಯುತ್ತು ಇರುವುದರಿಂದ ಅದನ್ನು ಎಂದಿಗೂ ಬಿಚ್ಚಬಾರದು. ಬೆಸುಗೆ ಹಾಕುವಾಗ ಕಿಟಕಿ ತೆರೆದಿಡಬೇಕು. ಸೀಸವಿರುವ ಬೆಸುಗೆ ತಂತಿಯನ್ನು ಮುಟ್ಟಿದ ಕೈಗಳನ್ನು ಊಟಕ್ಕೆ ಮುಂಚೆ ತೊಳೆಯಬೇಕು.

ಕಂಡ ಅಳತೆಗಳನ್ನೆಲ್ಲ ತಾರೀಖು ಸಹಿತ ಬರೆದಿಡುವುದು ಒಳ್ಳೆಯದು. ಹೊಸ ಭಾಗ ಬೇಕೆಂದು ಖಚಿತವಾದಾಗ ಆ ಬರಹವೇ ಅಂಗಡಿಗೆ ಒಯ್ಯುವ ಪಟ್ಟಿಯಾಗುತ್ತದೆ. ಮುಂದಿನ ಪೆಡಲಿಗೆ ಅದೇ ಮಾರ್ಗದರ್ಶಿಯೂ ಆಗುತ್ತದೆ.